ಆರೋಗ್ಯಕ್ಕಾಗಿ ಗಾಲ್ಫ್: ನಡೆದು ಆಡಿದವರಿಗೇ ಲಾಭ

ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅಥವಾ ಕಾರ್ಖಾನೆಯ ಕಚೇರಿಯಲ್ಲಿ ದಿನದ ಬಹುಭಾಗವನ್ನು ಕುಳಿತೇ ಕಳೆಯುವುದು ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ದಿನಚರಿಯಾಗಿದೆ. ಊಟಕ್ಕೆ ನಿಗದಿತ ಹೊತ್ತಿಲ್ಲ, ವ್ಯಾಯಾಮಕ್ಕಂತೂ ಬಿಡುವೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವು, ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಿನಲ್ಲಿದ್ದಾರೆಂದೂ ಅಂದಾಜು ಮಾಡಿದೆ. ಮಾಲೀಕನೇ ಖರೀದಿ, ಮಾರಾಟ, ವಸೂಲಿ ಎಲ್ಲವನ್ನೂ ನೋಡಿಕೊಳ್ಳುವ ಸಣ್ಣ ಸಂಸ್ಥೆಗಳಲ್ಲಿ ಆತನ ಆರೋಗ್ಯ ಕೆಟ್ಟರೆ ವಹಿವಾಟೂ ಕೆಡುತ್ತದೆ. ಯಂತ್ರ ಕೆಟ್ಟರೆ ಬಿಡಿಭಾಗ ತರಿಸಬಹುದು. ಮಾಲೀಕನ ದೇಹಕ್ಕೆ ಆ ಅನುಕೂಲವಿಲ್ಲ.

ಗಾಲ್ಫ್ ಎಂದೊಡನೆ ಸಿರಿವಂತರ ಆಟ, ವ್ಯವಹಾರ ಕುದುರಿಸುವ ತಾಣ ಎಂಬ ಭಾವನೆ ಮೂಡುವುದು ಸಹಜ. ಆದರೆ ಕಳೆದ ಕೆಲವು ದಶಕಗಳಲ್ಲಿ ವೈದ್ಯಕೀಯ ಸಂಶೋಧಕರು ಈ ಆಟವನ್ನು ಬೇರೊಂದು ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಅವರ ಅಧ್ಯಯನಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಚೆಂಡಿನ ಹೊಡೆತಕ್ಕಿಂತ, ಹೊಡೆದ ಚೆಂಡಿನ ಹಿಂದೆ ನಡೆಯುವ ನಡಿಗೆಯೇ ಈ ಆಟದಿಂದ ಆರೋಗ್ಯಕ್ಕೆ ದೊರೆಯುವ ಮುಖ್ಯ ಲಾಭ.

ಆಟದ ಸ್ವರೂಪ

ಪೂರ್ಣ ಪ್ರಮಾಣದ ಗಾಲ್ಫ್ ಆಟದಲ್ಲಿ 18 ಕುಳಿಗಳಿರುತ್ತವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1764ರಲ್ಲಿ 22 ಕುಳಿಗಳ ಆಟವನ್ನು 18ಕ್ಕೆ ಇಳಿಸಲಾಯಿತು. ಅದೇ ಮುಂದೆ ಎಲ್ಲೆಡೆ ರೂಢಿಯಾಯಿತು. ಪ್ರತಿ ಕುಳಿಯ ವ್ಯಾಸ 108 ಮಿಲಿಮೀಟರ್. ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಆಟಗಾರನು ಗರಿಷ್ಠ 14 ಕೋಲುಗಳನ್ನು ಇಟ್ಟುಕೊಳ್ಳಬಹುದು. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಎಲ್ಲ ಕುಳಿಗಳಿಗೂ ಸೇರಿಸಿದವನೇ ವಿಜೇತ. 18 ಕುಳಿಗಳ ಆಟಕ್ಕೆ ಸುಮಾರು 4 ಗಂಟೆ ಬೇಕಾಗುತ್ತದೆ. ನಡೆದೇ ಆಡಿದವರು ಸಾಮಾನ್ಯವಾಗಿ 10,000ಕ್ಕೂ ಹೆಚ್ಚು ಹೆಜ್ಜೆ ಹಾಕಿರುತ್ತಾರೆ.

ದೇಹಕ್ಕೆ ದೊರೆಯುವುದೇನು?

ಸುಮ್ಮನೆ ಕುಳಿತಿರುವಾಗ ದೇಹವು ವ್ಯಯಿಸುವ ಶಕ್ತಿಯನ್ನು 1 ಎಂದು ಭಾವಿಸಿ, ಇತರ ಚಟುವಟಿಕೆಗಳನ್ನು ಅದರೊಡನೆ ಹೋಲಿಸುವ ಪಟ್ಟಿಯನ್ನು ವ್ಯಾಯಾಮ ತಜ್ಞರು ಬಳಸುತ್ತಾರೆ. ಈ ಪಟ್ಟಿಯ 2011ರ ಆವೃತ್ತಿಯಂತೆ ಚೀಲ ಹೊತ್ತು ನಡೆದು ಆಡುವ ಗಾಲ್ಫಿನ ಪ್ರಮಾಣ 4.3, ಕೋಲುಗಳ ಚೀಲವನ್ನು ಕೈಗಾಡಿಯಲ್ಲಿ ಎಳೆದುಕೊಂಡು ಹೋದರೆ 5.3, ಬ್ಯಾಟರಿ ಬಗ್ಗಿಯಲ್ಲಿ ಕುಳಿತು ಸಾಗಿದರೆ 3.5. ಮೂರರಿಂದ ಆರರವರೆಗಿನ ಚಟುವಟಿಕೆಯನ್ನು ಮಧ್ಯಮ ಶ್ರಮವೆಂದು ಪರಿಗಣಿಸಲಾಗುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ವಾರಕ್ಕೆ ಎರಡು ಬಾರಿ 9 ಕುಳಿಗಳನ್ನು ನಡೆದು ಆಡಿದರೂ ಈ ಗುರಿಯ ದೊಡ್ಡ ಪಾಲು ಪೂರೈಸಿದಂತಾಗುತ್ತದೆ.

ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು ಸುಮಾರು 3 ಲಕ್ಷ ಗಾಲ್ಫ್ ಆಟಗಾರರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದೇ ವಯಸ್ಸು, ಲಿಂಗ ಹಾಗೂ ಸಾಮಾಜಿಕ ಸ್ಥಿತಿಯ ಇತರರಿಗೆ ಹೋಲಿಸಿದರೆ ಆಟಗಾರರ ಮರಣ ಪ್ರಮಾಣ ಶೇ. 40ರಷ್ಟು ಕಡಿಮೆಯಿತ್ತು, ಇದು ಆಯುಷ್ಯದಲ್ಲಿ ಸುಮಾರು 5 ವರ್ಷಗಳ ಹೆಚ್ಚಳಕ್ಕೆ ಸಮ. ಆದರೆ ಈ ಅಂಕಿಯನ್ನು ಎಚ್ಚರಿಕೆಯಿಂದ ಓದಬೇಕು. ಮೊದಲೇ ಆರೋಗ್ಯವಂತರಾದವರು ಆಟಕ್ಕೆ ಬರುವ ಸಂಭವ ಹೆಚ್ಚು. ಆದುದರಿಂದ ಇಡೀ ವ್ಯತ್ಯಾಸಕ್ಕೆ ಗಾಲ್ಫ್ ಒಂದೇ ಕಾರಣವೆಂದು ಹೇಳಲಾಗದು. ಆದರೂ ನಿಯಮಿತ ನಡಿಗೆ, ಬಯಲಿನ ಗಾಳಿ ಮತ್ತು ಸಮಾನಮನಸ್ಕರ ಒಡನಾಟ ಮೂರೂ ಒಂದೇ ಕಡೆ ದೊರೆಯುವುದು ಈ ಆಟದ ಹೆಚ್ಚುಗಾರಿಕೆ ಎಂಬುದರಲ್ಲಿ ಸಂದೇಹವಿಲ್ಲ.

ಎಲ್ಲ ವಯಸ್ಸಿನವರಿಗೂ ಹೇಗೆ?

ಹೆಚ್ಚಿನ ಆಟಗಳಲ್ಲಿ ಇಪ್ಪತ್ತರ ಯುವಕನೂ ಅರವತ್ತೈದರ ಹಿರಿಯರೂ ಸರಿಸಮನಾಗಿ ಸ್ಪರ್ಧಿಸಲಾರರು. ಗಾಲ್ಫ್‌ನಲ್ಲಿ ಅದನ್ನು ಸಾಧ್ಯವಾಗಿಸುವುದು ಹ್ಯಾಂಡಿಕ್ಯಾಪ್ ಪದ್ಧತಿ. ವರ್ತಕರಿಗೆ ಇದರ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಒಟ್ಟು ಮೊತ್ತದಿಂದ ವಟಾವು ಕಳೆದು ನಿವ್ವಳ ತೆಗೆಯುವಂತೆಯೇ ಇದು. ಉದಾಹರಣೆಗೆ, 10 ಹ್ಯಾಂಡಿಕ್ಯಾಪ್ ಇರುವ ಮಗನು 86 ಹೊಡೆತಗಳಲ್ಲಿ ಆಟ ಮುಗಿಸಿದರೆ ಆತನ ನಿವ್ವಳ 76. ಇಪ್ಪತ್ತು ಹ್ಯಾಂಡಿಕ್ಯಾಪ್ ಇರುವ ತಂದೆ 95 ಹೊಡೆತಗಳಲ್ಲಿ ಮುಗಿಸಿದರೆ ಅವರ ನಿವ್ವಳ 75. ಹೆಚ್ಚು ಹೊಡೆತ ಬಳಸಿದರೂ ಗೆಲುವು ತಂದೆಯದೇ.

ಮಕ್ಕಳಿಗೆ ಈ ಆಟ ಏಕಾಗ್ರತೆಯನ್ನೂ ತಾಳ್ಮೆಯನ್ನೂ ಕಲಿಸುತ್ತದೆ. ಬೆಂಗಳೂರಿನ ಅದಿತಿ ಅಶೋಕ್ ಐದನೆಯ ವಯಸ್ಸಿಗೇ ಕೋಲು ಹಿಡಿದವರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು 4ನೆಯ ಸ್ಥಾನ ಪಡೆದಾಗ, ಚೀಲ ಹೊತ್ತು ಜೊತೆಯಲ್ಲಿ ನಡೆದವರು ಅವರ ತಾಯಿ. ಹಿರಿಯರಿಗಾದರೋ ಹುಲ್ಲಿನ ಏರಿಳಿತದ ಮೇಲಿನ ನಡಿಗೆಯು ಕಾಲುಗಳಿಗೆ ಬಲ ಹಾಗೂ ದೇಹಕ್ಕೆ ಸಮತೋಲನ ನೀಡುತ್ತದೆ. ವಯಸ್ಸಾದಂತೆ ಬೀಳುವ ಭಯ ಹೆಚ್ಚುವುದರಿಂದ ಇದು ಕಡೆಗಣಿಸುವ ಲಾಭವಲ್ಲ.

ಖರ್ಚಿನ ಲೆಕ್ಕ

ಕರ್ನಾಟಕಕ್ಕೆ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೇ ಸ್ಥಾಪನೆಯಾಯಿತು. ಮೈಸೂರು, ಮಡಿಕೇರಿ, ಚಿಕ್ಕಮಗಳೂರುಗಳಲ್ಲಿಯೂ ಮೈದಾನಗಳಿವೆ. ಆದರೆ ದೊಡ್ಡ ಕ್ಲಬ್‌ಗಳ ಸದಸ್ಯತ್ವವು ಸಾಮಾನ್ಯ ವರ್ತಕನ ಕೈಗೆಟಕುವಂಥದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ನಡೆಸುತ್ತಿರುವ ಕುತುಬ್ ಗಾಲ್ಫ್ ಮೈದಾನದಲ್ಲಿ ಸಾರ್ವಜನಿಕರು ಶುಲ್ಕ ತೆತ್ತು ಆಡಬಹುದು. ಸೇಂಟ್ ಆಂಡ್ರೂಸ್‌ನ ಹೆಸರಾಂತ ಹಳೆಯ ಮೈದಾನವೂ ಸಾರ್ವಜನಿಕ ಆಸ್ತಿಯೇ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟವಿಲ್ಲ, ಊರಿನ ಜನ ವಾಯುವಿಹಾರಕ್ಕೆ ಬರುತ್ತಾರೆ. ಇಂತಹ ವ್ಯವಸ್ಥೆ ನಮ್ಮ ಜಿಲ್ಲಾ ಕೇಂದ್ರಗಳಿಗೂ ಬರಬೇಕೆಂದು ಒತ್ತಾಯಿಸುವುದು ಸಮಂಜಸವಾಗಿದೆ.

ಅಲ್ಲಿಯವರೆಗೆ ಹೊಸಬರು ಮಿತವ್ಯಯದಿಂದಲೇ ಆರಂಭಿಸಬಹುದು. ಚೆಂಡು ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ಗಳಲ್ಲಿ ಚೆಂಡುಗಳ ಲೆಕ್ಕದಲ್ಲಿ ಶುಲ್ಕ ನೀಡಿ ಕಲಿಯುವ ಅವಕಾಶವಿರುತ್ತದೆ. 14 ಕೋಲುಗಳ ಹೊಸ ಸೆಟ್ ಕೊಳ್ಳುವ ಅಗತ್ಯವಿಲ್ಲ; ಬಳಸಿದ ಆರೇಳು ಕೋಲುಗಳು ಸಾಕು. ಆದರೆ ರೇಂಜ್‌ನಲ್ಲಿ ನಡಿಗೆ ಇರುವುದಿಲ್ಲವಾದ್ದರಿಂದ ಆ ದಿನಗಳಲ್ಲಿ ಪ್ರತ್ಯೇಕವಾಗಿ ನಡೆಯುವುದು ಒಳ್ಳೆಯದು.

ವಹಿಸಬೇಕಾದ ಎಚ್ಚರಿಕೆ

ಗಾಲ್ಫ್ ಆಟಗಾರರಲ್ಲಿ ಹೆಚ್ಚಾಗಿ ಕಂಡುಬರುವುದು ಸೊಂಟದ ನೋವು. ನಂತರ ಮೊಣಕೈ ಹಾಗೂ ಮಣಿಕಟ್ಟಿನ ತೊಂದರೆಗಳು. ಬೆಚ್ಚಗಾಗಿಸುವ ಸರಳ ವ್ಯಾಯಾಮವನ್ನು ಹತ್ತು ನಿಮಿಷ ಮಾಡದೆ ಬಲವಾಗಿ ಕೋಲು ಬೀಸಬಾರದು. ಆರಂಭದಲ್ಲಿಯೇ ತರಬೇತುದಾರರಿಂದ ಸರಿಯಾದ ಭಂಗಿ ಕಲಿಯುವುದು ಮುಂದಿನ ವೈದ್ಯರ ವೆಚ್ಚವನ್ನು ಉಳಿಸುತ್ತದೆ. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಸೂಕ್ತ. ಟೋಪಿ ಹಾಗೂ ನೀರು ಜೊತೆಗಿರಬೇಕು. ಮಧುಮೇಹಕ್ಕೆ ಔಷಧ ಸೇವಿಸುವವರಲ್ಲಿ ದೀರ್ಘ ನಡಿಗೆಯಿಂದ ಸಕ್ಕರೆಯ ಅಂಶ ತೀರಾ ಇಳಿಯುವ ಸಂಭವವಿರುವುದರಿಂದ ಅವರು ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಂಡಿರಬೇಕು. ಹೃದ್ರೋಗ, ರಕ್ತದೊತ್ತಡ ಉಳ್ಳವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಗುಡುಗು-ಮಿಂಚು ಕಂಡೊಡನೆ ಬಯಲನ್ನು ಬಿಟ್ಟು ಕಟ್ಟಡದೊಳಗೆ ಸೇರಬೇಕು. ಮರದಡಿ ನಿಲ್ಲುವುದು ಅಪಾಯಕರ.

ವಾಣಿಜ್ಯ ಸಂಸ್ಥೆಗಳ ಪಾತ್ರ

ವಾಣಿಜ್ಯ ಸಂಘಟನೆಗಳು ಗಾಲ್ಫ್ ಕೂಟಗಳನ್ನು ಏರ್ಪಡಿಸುವ ಪದ್ಧತಿ ಹಳೆಯದು. ಆದರೆ ಅನೇಕ ಕೂಟಗಳಲ್ಲಿ ಬಗ್ಗಿಯಲ್ಲಿ ಸುತ್ತಾಡಿ, ಕೊನೆಗೆ ಭಾರೀ ಭೋಜನ ಮಾಡಿ ಮನೆಗೆ ಮರಳುವುದೇ ವಾಡಿಕೆಯಾಗಿದೆ. ಹೀಗಾದರೆ ಪರಿಚಯ ವೃದ್ಧಿಯಾದೀತೇ ಹೊರತು ಆರೋಗ್ಯ ವೃದ್ಧಿಯಾಗದು. ಬಗ್ಗಿಯನ್ನು ವೃದ್ಧರಿಗೂ ಅಶಕ್ತರಿಗೂ ಮಾತ್ರ ಮೀಸಲಿಡುವುದು, 9 ಕುಳಿಗಳ ಸ್ಪರ್ಧೆ ಏರ್ಪಡಿಸುವುದು, ತಂದೆ-ಮಗಳು, ಅಜ್ಜ-ಮೊಮ್ಮಗ ಜೋಡಿಯಾಗಿ ಆಡುವ ವಿಭಾಗ ಇಡುವುದು, ಆಟಕ್ಕೆ ಮುನ್ನ ರಕ್ತದೊತ್ತಡ ಹಾಗೂ ಸಕ್ಕರೆ ತಪಾಸಣೆ ನಡೆಸುವುದು ಇವೆಲ್ಲ ಹೆಚ್ಚಿನ ವೆಚ್ಚವಿಲ್ಲದೆ ಸಾಧ್ಯ.

ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಗಳನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ ಅವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಅವಕಾಶ ದೊರೆತರೆ ಈ ಆಟ ಯಾವ ಒಂದು ವರ್ಗದ ಸೊತ್ತಾಗಿಯೂ ಉಳಿಯದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಕೂಟದ ದಿನ ಕ್ಯಾಡಿಗಳಿಗೂ ಆರೋಗ್ಯ ತಪಾಸಣೆ ಏರ್ಪಡಿಸುವುದು ಸಂಘಟಕರಿಗೆ ಭಾರವಾಗದು.

ಗಾಲ್ಫ್ ಆಡಲು ಅನುಕೂಲವಿಲ್ಲದವರು ನಿರಾಶರಾಗಬೇಕಾಗಿಲ್ಲ. ಅದರ ಮುಖ್ಯ ಲಾಭವಾದ ನಡಿಗೆಗೆ ಯಾವ ಸದಸ್ಯತ್ವವೂ ಬೇಡ. ಆಡುವ ಅನುಕೂಲವುಳ್ಳವರು ಮಾತ್ರ ಮೈದಾನ ತಲುಪಿದ ಮೇಲೆ ಬಗ್ಗಿಯ ಕಡೆ ನೋಡದೆ ಕಾಲನ್ನೇ ನಂಬುವುದು ಲೇಸು. ಕೂಡಿಟ್ಟ ಬಂಡವಾಳವನ್ನು ಅನುಭವಿಸಲು ಬೇಕಾದ ಆಯುರಾರೋಗ್ಯವನ್ನು ಹೆಜ್ಜೆ ಹೆಜ್ಜೆಯಾಗಿಯೇ ಗಳಿಸಬೇಕಾಗಿದೆ.