ಪಾಠವೂ ಕಥೆಯೂ

ವರ್ಷವೆಲ್ಲ ಶ್ರಮಪಟ್ಟು ಬಿಡಿಸಿ ಹೇಳಿದ ಸೂತ್ರಗಳು ಪರೀಕ್ಷೆಯ ಮರುದಿನವೇ ವಿದ್ಯಾರ್ಥಿಗಳ ಮನಸ್ಸಿನಿಂದ ಜಾರಿಹೋಗುವುದನ್ನೂ, ನಡುವೆ ಹೇಳಿದ ಕಥೆಯೊಂದು ಮಾತ್ರ ಬಹುಕಾಲ ನಿಲ್ಲುವುದನ್ನೂ ಉಪಾಧ್ಯಾಯ ವೃತ್ತಿಯಲ್ಲಿರುವ ನಾವೆಲ್ಲರೂ ಬಲ್ಲೆವು. ಇದಕ್ಕೆ ಕಾರಣವೇನು?

ಕಥೆ ರುಚಿಯಾಗಿರುತ್ತದೆ ಎಂದರೆ ಅರ್ಧ ಉತ್ತರವಾದೀತು. 1969ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬೋವರ್ ಮತ್ತು ಕ್ಲಾರ್ಕ್ ಎಂಬವರು ಹತ್ತು ಹತ್ತು ಪದಗಳ 12 ಪಟ್ಟಿಗಳನ್ನು ವಿದ್ಯಾರ್ಥಿಗಳಿಗೆ ಕಲಿಯಲು ಕೊಟ್ಟರು. ಪದಗಳಿಗೆ ಪರಸ್ಪರ ಸಂಬಂಧವೇನೂ ಇರಲಿಲ್ಲ. ಕೆಲವರು ಅವನ್ನು ಹೆಣೆದು ಒಂದೊಂದು ಪಟ್ಟಿಗೂ ಒಂದೊಂದು ಕಥೆ ಕಟ್ಟಿಕೊಂಡರು. ಉಳಿದವರು ಅಷ್ಟೇ ಹೊತ್ತು ತಮಗೆ ತೋಚಿದಂತೆ ಕಲಿತರು. ಪಟ್ಟಿ ಮುಗಿದೊಡನೆ ಕೇಳಿದಾಗ ಉಭಯರೂ ಹೆಚ್ಚು ಕಡಮೆ ತಪ್ಪಿಲ್ಲದೆ ಒಪ್ಪಿಸಿದರು. ಎಲ್ಲ ಪಟ್ಟಿಗಳೂ ಮುಗಿದ ಮೇಲೆ ಕೇಳಿದಾಗಲೋ, ಕಥೆ ಕಟ್ಟಿದವರಿಗೆ ನೂರಕ್ಕೆ 93 ಪದಗಳೂ ಉಳಿದವರಿಗೆ 13 ಪದಗಳೂ ನೆನಪಿದ್ದುವು. ಹತ್ತು ಪದಗಳಿಗಾಗಿ ಕಟ್ಟಿದ ಆ ಕಥೆಗಳಲ್ಲಿ ರಸವೆಷ್ಟಿದ್ದೀತು? ಇದ್ದುದು ಸರಪಣಿ. ಒಂದು ಕೊಂಡಿ ಕೈಗೆ ಸಿಕ್ಕಿದರೆ ಮುಂದಿನದು ತಾನಾಗಿ ಬರುತ್ತದೆ.

ಪಂಚತಂತ್ರಕಾರನು ಈ ಮರ್ಮವನ್ನು ಬಲ್ಲವನು. ಓದಿನಲ್ಲಿ ಮನಸ್ಸಿಲ್ಲದ ಮೂವರು ರಾಜಪುತ್ರರಿಗೆ ಆರು ತಿಂಗಳಲ್ಲಿ ನೀತಿಶಾಸ್ತ್ರವನ್ನು ಕಲಿಸುವೆನೆಂದು ವಿಷ್ಣುಶರ್ಮನು ಮಾತು ಕೊಟ್ಟನಷ್ಟೆ. ಅವನ ಗ್ರಂಥದಲ್ಲಿ ಒಂದು ಪಾತ್ರ ನೀತಿಯೊಂದನ್ನು ನುಡಿಯುತ್ತದೆ. ಇನ್ನೊಂದು ‘ಅದು ಹೇಗೆ?’ ಎಂದು ಕೇಳುತ್ತದೆ. ಅಲ್ಲಿಂದ ಕಥೆ ಹೊರಡುತ್ತದೆ. ಬಲದಿಂದ ಆಗದ್ದು ಉಪಾಯದಿಂದ ಆದೀತೆಂಬುದಕ್ಕೆ ಕಾಗೆ ಚಿನ್ನದ ಸರವನ್ನು ತಂದು ಹಾವಿನ ಪೊಟರೆಯಲ್ಲಿ ಹಾಕುತ್ತದೆ. ಸರವನ್ನು ಹುಡುಕಿಕೊಂಡು ಬಂದ ರಾಜಭಟರು ಹಾವನ್ನು ಕೊಲ್ಲುತ್ತಾರೆ. ಇದರಿಂದ ನೀತಿಯನ್ನು ಕಿತ್ತರೆ ಕಥೆಯೇ ಉಳಿಯದು.

ನಮ್ಮ ತರಗತಿಗಳಲ್ಲಿ ಹೀಗಾಗುವುದು ವಿರಳ. ಆರ್ಕಿಮಿಡೀಸನ ಕಥೆಯನ್ನೇ ನೋಡೋಣ. ಅವನು ಸ್ನಾನದ ತೊಟ್ಟಿಯಿಂದೆದ್ದು ಬರಿಮೈಯಲ್ಲಿ ಓಡಿದನೆಂಬುದನ್ನು ಬಲ್ಲ ನೂರು ಮಂದಿಯಲ್ಲಿ, ಏಕೆ ಓಡಿದನೆಂದು ಸರಿಯಾಗಿ ಹೇಳಬಲ್ಲವರೆಷ್ಟು ಮಂದಿ? ಓಟ ಪಾಠದ ಅಂಗವಲ್ಲ, ಮೇಲಿನ ಒಗ್ಗರಣೆ. (ಹುಡುಗರು ನಗುತ್ತಾರೆಂದು ನಾವೂ ಅಲ್ಲೇ ನಿಲ್ಲುತ್ತೇವೆ.) ನಿಲ್ಲಬೇಕಾದದ್ದು ಅದಕ್ಕೂ ಮೊದಲು. ಕಿರೀಟದ ತೂಕ ದೊರೆ ಕೊಟ್ಟ ಚಿನ್ನಕ್ಕೆ ಸರಿಯಾಗಿದೆ. ಆದರೂ ಅಕ್ಕಸಾಲಿಗನು ಬೆಳ್ಳಿ ಬೆರೆಸಿದನೆಂದು ಅನುಮಾನ. ಕಿರೀಟವನ್ನು ಕರಗಿಸದೆ ತಿಳಿಯುವುದೆಂತು? ಇಲ್ಲಿ ಕಥೆಯನ್ನು ತಡೆದು ತರಗತಿಯನ್ನು ಯೋಚನೆಗೆ ಬಿಡಬೇಕು. ಒಂದೇ ತೂಕದಲ್ಲಿ ಬೆಳ್ಳಿಯ ಗಾತ್ರ ಚಿನ್ನದ್ದಕ್ಕಿಂತ ಹೆಚ್ಚು. ಬೆರಕೆಯ ಕಿರೀಟ ಅಷ್ಟು ಹೆಚ್ಚು ನೀರನ್ನು ಹೊರಚೆಲ್ಲುತ್ತದೆ. ಹೀಗೆ ಹೇಳಿದಾಗ, ಅಕ್ಕಸಾಲಿಗನ ಗತಿ ಏನಾಯಿತೆಂದು ತಿಳಿಯಬಯಸುವ ಹುಡುಗನು ನೀರನ್ನು ಅಳೆಯದೆ ವಿಧಿಯಿಲ್ಲ.