ಕೆಮ್ಮಿದರೆ ಮೂತ್ರ ಸೋರಿಕೆ: ಯಾವ ಸ್ಲಿಂಗ್ ಮೇಲು?

ಪ್ರಶ್ನೆ: ಕೆಮ್ಮಿದರೂ ಸೀನಿದರೂ ಮೂತ್ರ ಸೋರುತ್ತದೆ. ಸ್ಲಿಂಗ್ ಶಸ್ತ್ರಚಿಕಿತ್ಸೆಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಮೂತ್ರನಾಳದ ಕೆಳಗೆ ಆಸರೆಯಾಗಿ ಇಡುವ ಕಿರುಪಟ್ಟಿಯೇ ಸ್ಲಿಂಗ್. ಪಾಲಿಪ್ರೊಪಿಲೀನ್ ಜಾಲರಿಯ ಪಟ್ಟಿಯನ್ನು ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಹಿಂದಿನಿಂದ ಮೇಲಕ್ಕೆ ತರಬಹುದು, ಇಲ್ಲವೇ ತೊಡೆಸಂದಿಯ ಕಡೆಗೆ ಹಾಯಿಸಬಹುದು. ಅಮೆರಿಕದಲ್ಲಿ 597 ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪರೀಕ್ಷೆಯಲ್ಲಿ ಕಂಡ ಯಶಸ್ಸು ಕ್ರಮವಾಗಿ ಶೇ. 80.8 ಮತ್ತು 77.7. ಗುಣದಲ್ಲಿ ಹೆಚ್ಚುಕಡಿಮೆ ಸಮವಾದ್ದರಿಂದ ತೊಂದರೆಗಳನ್ನೇ ತೂಗಿ ನೋಡಬೇಕು. ಮೂತ್ರ ಸರಿಯಾಗಿ ಹೋಗದೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಮೊದಲ ವಿಧಾನದಲ್ಲಿ ಶೇ. 2.7, ಎರಡನೆಯದರಲ್ಲಿ ಯಾರೂ ಇಲ್ಲ. ಆದರೆ ಕಾಲಿನ ನಿಶ್ಶಕ್ತಿ, ಜೋಮಿನಂಥ ನರದ ತೊಂದರೆ ಎರಡನೆಯದರಲ್ಲಿ ಶೇ. 9.4, ಮೊದಲನೆಯದರಲ್ಲಿ 4. ಬಿಗಿಯಾದ ಪಟ್ಟಿಯನ್ನು ಸಡಿಲಿಸಬಹುದು. ತೊಡೆಸಂದಿಯ ಆಳಕ್ಕೆ ಹೋದದ್ದನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟ. ಅದಕ್ಕೇ ನನ್ನ ಒಲವು ಮೊದಲನೆಯದರ ಕಡೆಗೆ.

ಜಾಲರಿಯೇ ಅಪಾಯವಲ್ಲವೇ ಎಂದು ನೀವು ಕೇಳಬಹುದು. ಆ ಆತಂಕ ನ್ಯಾಯವಾದದ್ದೇ: ಅದು ಯೋನಿಯೊಳಗೆ ಕೊರೆದುಬಂದು, ನೋವು ವರ್ಷಗಟ್ಟಲೆ ಕಾಡಿದವರಿದ್ದಾರೆ, 2018ರಲ್ಲಿ ಇಂಗ್ಲೆಂಡ್ ಅದರ ಬಳಕೆಗೆ ತಡೆ ಹಾಕಿತು. ಜಾಲರಿ ಬೇಡವೆನ್ನುವವರಿಗೆ ಸ್ವಂತ ಹೊಟ್ಟೆಯ ಸ್ನಾಯುವಿನ ಹೊದಿಕೆಯಿಂದ ತೆಗೆದ ಪಟ್ಟಿ ಗಟ್ಟಿ ಪರ್ಯಾಯ. ಆದರೆ ಅದರಲ್ಲಿ ಗಾಯ ದೊಡ್ಡದು, ಚೇತರಿಕೆ ನಿಧಾನ. ಯಾವುದಕ್ಕೂ ಮೊದಲು ಫಿಸಿಯೋಥೆರಪಿಸ್ಟ್ ಮಾರ್ಗದರ್ಶನದಲ್ಲಿ ಮೂರು ತಿಂಗಳು ಶ್ರೋಣಿಯ ಸ್ನಾಯುಗಳ ವ್ಯಾಯಾಮ ಮಾಡಿ ನೋಡಿ.