ಆಸ್ತಿ ಬ್ರೋಕರ್ ಕೆಲಸ: ಕಾಗದ ಓದಬಲ್ಲವರಿಗೆ ಒಳ್ಳೆಯ ಕಸುಬು

ಮನೆ, ಸೈಟು, ಜಮೀನು ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸಿ, ವ್ಯವಹಾರ ಕುದುರಿಸಿ, ನೋಂದಣಿ ಮುಗಿಯುವವರೆಗೆ ಜೊತೆಗಿದ್ದು ಕಮಿಷನ್ ಪಡೆಯುವವರು ರಿಯಲ್ ಎಸ್ಟೇಟ್ ಏಜೆಂಟರು. ಜನರ ಬಾಯಲ್ಲಿ ಇವರು ಬ್ರೋಕರ್‌ಗಳು. ಕರ್ನಾಟಕದಲ್ಲಿ ಈ ಕೆಲಸ ಬಹುಕಾಲ ಯಾವ ಲೈಸೆನ್ಸೂ ಇಲ್ಲದೆ ನಡೆಯಿತು. ಬೀದಿ ತಿರುವಿನ ದಿನಸಿ ಅಂಗಡಿಯವರೋ ಇಸ್ತ್ರಿಯವರೋ, ಖಾಲಿ ಮನೆಯ ಸುದ್ದಿ ಮೊದಲು ಯಾರ ಕಿವಿಗೆ ಬೀಳುತ್ತದೋ ಅವರೇ ಬ್ರೋಕರ್. ಬಾಡಿಗೆ ಮನೆಗಳ ಮಟ್ಟಿಗೆ ಈಗಲೂ ಅನೇಕ ಕಡೆ ಹಾಗೆಯೇ ಇದೆ.

ಮಾರಾಟದ ಕಡೆ ಪರಿಸ್ಥಿತಿ ಬದಲಾಗಿದೆ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, ಅಂದರೆ ರೇರಾ, 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಅದೇ ವರ್ಷ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ರೇರಾದಲ್ಲಿ ನೋಂದಣಿಯಾದ ಬಡಾವಣೆಯ ಸೈಟನ್ನಾಗಲಿ ಅಪಾರ್ಟ್‌ಮೆಂಟಿನ ಫ್ಲ್ಯಾಟನ್ನಾಗಲಿ ಮಾರಿಸಬೇಕಾದರೆ ಏಜೆಂಟ್ ಕೂಡ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿ ಸಂಖ್ಯೆ ಪಡೆದಿರಬೇಕು. ನೋಂದಣಿಯಾಗಬೇಕಾದ ಯೋಜನೆ ಆಗದೆ ಉಳಿದಿದ್ದರೆ ಅದನ್ನು ಮಾರಿಸುವಂತಿಲ್ಲ, ಲೆಕ್ಕಪತ್ರ ಇಟ್ಟಿರಬೇಕು, ಇಲ್ಲದ ಸೌಲಭ್ಯ ಇದೆಯೆಂದು ಹೇಳುವಂತಿಲ್ಲ. ಈ ನಿಯಮಗಳನ್ನು ಮುರಿದರೆ ದಿನಕ್ಕೆ 10,000 ರೂಪಾಯಿಯಂತೆ, ಆ ಆಸ್ತಿಯ ಬೆಲೆಯ ಶೇ 5ರವರೆಗೆ ದಂಡ ಬೀಳಬಹುದು. ಹಳೆಯ ಮನೆಗಳ ಮರುಮಾರಾಟಕ್ಕೂ ಬಾಡಿಗೆಗೂ ಈ ನೋಂದಣಿ ಬೇಕಿಲ್ಲ. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಇದೇ ಕಾರಣಕ್ಕೆ.

ಬಾಡಿಗೆ ವ್ಯವಹಾರ ಬೇಗ ಮುಗಿಯುತ್ತದೆ, ಸಿಗುವುದು ಕಡಿಮೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೇಳುವ ರೂಢಿ. ಮನೆ ಮಾರಾಟದಲ್ಲಿ ಶೇ 1ರಿಂದ 2ರವರೆಗೆ ನಡೆಯುತ್ತದೆ. ಕೆಲವರು ಎರಡೂ ಕಡೆಯಿಂದ ಪಡೆಯುತ್ತಾರೆ. 60 ಲಕ್ಷದ ಮನೆಗೆ ಶೇ 1 ಎಂದರೆ 60,000 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಆ ಒಂದು ಮನೆ ಕೈಗೂಡುವ ಮೊದಲು ಎಷ್ಟೋ ಪಾರ್ಟಿಗಳಿಗೆ ಎಷ್ಟೋ ಮನೆ ತೋರಿಸಿ, ಸ್ವಂತ ಪೆಟ್ರೋಲ್ ಸುಟ್ಟು, ಬ್ಯಾಂಕ್ ಸಾಲ ಮಂಜೂರಾಗುವವರೆಗೆ ತಿಂಗಳುಗಟ್ಟಲೆ ಕಾದಿರಬೇಕಾಗುತ್ತದೆ. ಕೊನೆಯ ಗಳಿಗೆಯಲ್ಲಿ ಮಾಲೀಕರೂ ಕೊಳ್ಳುವವರೂ ನೇರವಾಗಿ ಮಾತಾಡಿಕೊಂಡು ಬ್ರೋಕರನ್ನು ಬದಿಗೆ ಸರಿಸುವುದೂ ಉಂಟು. ಮನೆ ತೋರಿಸುವ ಮೊದಲೇ ಕಮಿಷನ್ ಎಷ್ಟು, ಯಾವಾಗ ಎಂಬುದನ್ನು ಬರಹದಲ್ಲಿ ಒಪ್ಪಿಸಿಕೊಳ್ಳುವುದು ಇದಕ್ಕೆ ಮದ್ದು. ಸಂಕೋಚದಿಂದ ಅದನ್ನು ಕೇಳದೆ ಬಿಟ್ಟವರೇ ಹೆಚ್ಚಾಗಿ ಮೋಸ ಹೋಗುತ್ತಾರೆ.

ಈ ಕಸುಬಿನಲ್ಲಿ ಮಾತುಗಾರಿಕೆಯೇ ಬಂಡವಾಳ ಎಂಬ ನಂಬಿಕೆಯಿದೆ. ಅದು ಅರ್ಧ ಸತ್ಯ. ಮಾತು ಬಲ್ಲವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕಾಗದ ಓದಬಲ್ಲವರು ಅಪರೂಪ. ಒಂದು 30×40 ಸೈಟಿನ ಮನೆಯನ್ನೇ ತೆಗೆದುಕೊಳ್ಳಬಹುದು. ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದು. ಅವರು ಉಯಿಲು ಬರೆಯದೆ ತೀರಿಕೊಂಡರು. ಖಾತೆ ಹಿರಿಯ ಮಗನ ಹೆಸರಿಗೆ ಬಂತು. ಕಂದಾಯದ ರಸೀದಿ, ಕರೆಂಟ್ ಬಿಲ್ಲು ಎಲ್ಲದರಲ್ಲೂ ಅವನದೇ ಹೆಸರು. ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿದರೆ ತಂದೆಯ ಕ್ರಯಪತ್ರ ಬಿಟ್ಟು ಬೇರೇನೂ ಇಲ್ಲ. ಹೊಸ ಬ್ರೋಕರ್ ಇಷ್ಟಕ್ಕೇ ಟೋಕನ್ ಅಡ್ವಾನ್ಸ್ ಕೊಡಿಸಿಬಿಡುತ್ತಾನೆ. ಪಳಗಿದವರು ಮೊದಲು ವಂಶವೃಕ್ಷ ಕೇಳುತ್ತಾರೆ. ಖಾತೆ ಇರುವುದು ತೆರಿಗೆ ವಸೂಲಿಗೆ. ಅದರಿಂದ ಒಡೆತನ ಹುಟ್ಟುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಈ ಮನೆಯಲ್ಲಿ ತಾಯಿಗೂ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಅವರು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಟ್ಟಿರಬೇಕು. ಶಿವಮೊಗ್ಗದಲ್ಲಿರುವ ತಂಗಿಯ ಒಂದು ಸಹಿ ಬಿಟ್ಟುಹೋದರೆ ಕೊಂಡವರು ಗೃಹಪ್ರವೇಶದ ಜೊತೆಗೆ ಪಾಲಿನ ದಾವೆಯನ್ನೂ ಮನೆಗೆ ತಂದಂತೆ.

ಇ.ಸಿ.ಗೂ ಮಿತಿಯಿದೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಬರಬೇಕೆಂದಿಲ್ಲ. ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಪಹಣಿ, ಮ್ಯುಟೇಶನ್, ಭೂ ಪರಿವರ್ತನೆಯ ಆದೇಶ ನೋಡಿದರೂ ಸಾಲದು. ಮೂಲದಲ್ಲಿ ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೇ ಎಂದು ತಿಳಿಯಬೇಕು. ಅಂಥ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟ ಅಸಿಂಧು. ಕಂದಾಯ ಭೂಮಿಯಲ್ಲಿ ಗೆರೆ ಎಳೆದು ಕಲ್ಲು ನೆಟ್ಟ ‘ರೆವಿನ್ಯೂ ಸೈಟು’ಗಳನ್ನು ಅಗ್ಗವೆಂದು ಮಾರಿಸಿ ಕಮಿಷನ್ ಗಳಿಸಿದವರು ಬಹಳ. ಅದೇ ಬಡಾವಣೆಗೆ ಮತ್ತೆ ತಲೆಯೆತ್ತಿ ಹೋಗಬಲ್ಲವರು ಕಡಿಮೆ.

ಇಷ್ಟನ್ನೂ ಬ್ರೋಕರೇ ತೀರ್ಮಾನಿಸಬೇಕಿಲ್ಲ. ಕಾನೂನು ಅಭಿಪ್ರಾಯ ಕೊಡಲು ವಕೀಲರಿದ್ದಾರೆ. ಆದರೆ ಎಲ್ಲಿ ಅನುಮಾನ ಪಡಬೇಕು, ಯಾವ ಕಾಗದವಿಲ್ಲದೆ ಮುಂದುವರಿಯಬಾರದು ಎಂಬುದು ಬ್ರೋಕರಿಗೆ ಗೊತ್ತಿರಲೇಬೇಕು. ದುಡ್ಡಿನ ನಿಯಮಗಳೂ ಹಾಗೆಯೇ. ಆಸ್ತಿ ಮಾರಾಟದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಮಾರುವವರ ಮೇಲೆ ಬೀಳಬಹುದು. ರೇರಾ ಯೋಜನೆಗಳಲ್ಲಿ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿತು. 60 ಲಕ್ಷದ ಮನೆಗೆ ಇದೊಂದರಿಂದಲೇ 60,000 ರೂಪಾಯಿ ಹೆಚ್ಚಿನ ಖರ್ಚು. ಇದನ್ನು ಮೊದಲೇ ಹೇಳದ ಬ್ರೋಕರ್ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ಬೈಸಿಕೊಳ್ಳುತ್ತಾನೆ.

ಕೆಲಸದ ತೃಪ್ತಿ ಎಲ್ಲಿಂದ ಬರುತ್ತದೆ ಎಂದರೆ, ಬಹುಪಾಲು ಒಂದೇ ಪ್ರದೇಶದಲ್ಲಿ ಬೇರು ಬಿಡುವುದರಿಂದ. ಎರಡು ಮೂರು ಬಡಾವಣೆಗಳನ್ನು ಆರಿಸಿಕೊಂಡು ಅಲ್ಲಿ ಯಾವ ರಸ್ತೆಗೆ ಕಾವೇರಿ ನೀರು ಬರುತ್ತದೆ, ಮಳೆಗಾಲದಲ್ಲಿ ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಹೋದ ತಿಂಗಳು ಯಾವ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದನ್ನೆಲ್ಲ ಬಲ್ಲವರನ್ನು ಜನ ಹುಡುಕಿಕೊಂಡು ಬರುತ್ತಾರೆ. ಬಾಡಿಗೆಗೆ ಮನೆ ಹಿಡಿಸಿಕೊಟ್ಟ ದಂಪತಿ ಕೆಲವು ವರ್ಷಗಳ ಬಳಿಕ ಸ್ವಂತ ಮನೆ ಕೊಳ್ಳಲು ಅದೇ ನಂಬರಿಗೆ ಫೋನ್ ಮಾಡುವುದೂ ಇದೆ. ‘ಇದು ಬೇಡ ಸಾರ್, ಪೇಪರ್ ಸರಿಯಿಲ್ಲ’ ಎಂದು ಒಂದು ಕಮಿಷನ್ ಬಿಟ್ಟುಕೊಟ್ಟ ಬ್ರೋಕರಿಗೆ ಆ ಮನೆಯವರೇ ತಮ್ಮ ಭಾವನನ್ನೂ ಸಹೋದ್ಯೋಗಿಯನ್ನೂ ಕಳಿಸುತ್ತಾರೆ.

ಈ ದಾರಿ ಹಿಡಿಯಲು ಪದವಿ ಕಡ್ಡಾಯವಲ್ಲ. ಕನ್ನಡದ ಕ್ರಯಪತ್ರವನ್ನು ಸರಾಗವಾಗಿ ಓದಬಲ್ಲವರಿಗೆ ಅದೇ ದೊಡ್ಡ ಅನುಕೂಲ. ಹಳೆಯ ಪತ್ರಗಳ ಚಕ್ಕುಬಂದಿಯ ಭಾಷೆಯನ್ನು ಒಬ್ಬ ಪತ್ರ ಬರಹಗಾರರ ಬಳಿ ಕುಳಿತು ಕಲಿತರೆ ಇನ್ನೂ ಒಳ್ಳೆಯದು. ಸಂಬಳದ ಕೆಲಸವಿದ್ದವರು ಅದನ್ನು ತಟ್ಟನೆ ಬಿಡುವುದು ಮಾತ್ರ ಜಾಣತನವಲ್ಲ. ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿ ಸೇರುವವರೆಗೆ ಶನಿವಾರ ಭಾನುವಾರ ಬಾಡಿಗೆ ಮನೆ ತೋರಿಸುತ್ತ ಕೆಲಸ ಕಲಿಯಲಿ, ಆಮೇಲೆ ರೇರಾ ನೋಂದಣಿಗೆ ಅರ್ಜಿ ಹಾಕಲಿ.